ನಯೋಮಿ ಆಲ್ಡರ್‌ಮನ್ ಬರೆದ 'ದಿ ಪವರ್' ಓದಿ ನಿರಾಸೆ ಆಯ್ತು, ನಂಗೊಬ್ಬಳಿಗೇನಾ?

ಚಿತ್ರಾ_ಓದು

ಮೊದಲೇ ಹೇಳ್ಬಿಡ್ತೀನಿ, ಕಥೆ ಪೂರ್ತಿ ಬಿಚ್ಚಿಡ್ತಾ ಇದೀನಿ. ಓದೋ ಪ್ಲಾನ್ ಇರೋರು ಇಲ್ಲಿಂದ ಮುಂದೆ ಬರ್ಬೇಡಿ.

ಈ ಪುಸ್ತಕದ ಬಗ್ಗೆ ಎಷ್ಟು ಹೊಗಳಿಕೆ ಕೇಳಿದ್ದೆ ಅಂದ್ರೆ, 2016ರಲ್ಲಿ ಬಂದಿದ್ದು, 2017ರಲ್ಲಿ ಬೇಲೀಸ್ ವಿಮೆನ್ಸ್ ಪ್ರೈಜ್ ಬಂತು, ಅದೇ ವರ್ಷ ಒಬಾಮಾ ಅವರ ಇಷ್ಟದ ಪುಸ್ತಕಗಳ ಪಟ್ಟೀಲೂ ಇತ್ತು, ಸಾಲದ್ದಕ್ಕೆ ಮಾರ್ಗರೆಟ್ ಆಟ್‌ವುಡ್ ಅವರೇ ಈ ಲೇಖಕಿಗೆ ಕೆಲ ಕಾಲ ಮಾರ್ಗದರ್ಶನ ಮಾಡಿದ್ರಂತೆ, ಪುಸ್ತಕ ಅರ್ಪಣೆ ಆಗಿರೋದೂ ಅವರಿಗೇ. ಇಷ್ಟೆಲ್ಲ ಇದ್ಮೇಲೆ ಕಣ್ಮುಚ್ಚಿ ತಗೊಂಡೆ. ಮೊದಲ ನೂರು ಪುಟ ನಿಜವಾಗ್ಲೂ ಕೈಬಿಡೋಕೆ ಆಗ್ಲಿಲ್ಲ. ಪ್ರಪಂಚದ ಎಲ್ಲ ಕಡೆ ಹದಿಹರೆಯದ ಹುಡುಗೀರಿಗೆ ಇದ್ದಕ್ಕಿದ್ದ ಹಾಗೆ ಕೈಯಿಂದ ಕರೆಂಟ್ ಹೊಡೆಯೋ ಶಕ್ತಿ ಬರುತ್ತೆ, ಕತ್ತಿನ ಕೆಳಗೆ ಕಾಲರ್ ಬೋನ್ ಹತ್ರ ಸ್ಕೀನ್ ಅಂತ ಒಂದು ಹೊಸ ಅಂಗ, ಈಲ್ ಮೀನಿಗೆ ಇರುತ್ತಲ್ಲ ಆ ಥರ. ಎರಡನೇ ಮಹಾಯುದ್ಧದ ಟೈಮಲ್ಲಿ ವಿಷಾನಿಲದಿಂದ ಜನರನ್ನ ಉಳಿಸೋಕೆ ಅಂತ ಮಾಡಿದ ಒಂದು ಔಷಧಿ ನೀರಿಗೆ ಸೇರಿಕೊಂಡಿದ್ದೇ ಕಾರಣ ಅಂತ ಒಂದು ವಿವರಣೆ ಕೊಡ್ತಾರೆ, ಅದು ಇರ್ಲಿ ಬಿಡಿ, ಅಷ್ಟು ಒಪ್ಕೊಳ್ದೆ ಇದ್ರೆ ಈ ಥರದ ಕಥೆ ಓದೋಕೇ ಆಗಲ್ಲ. ಹುಡುಗೀರು ಇದನ್ನ ದೊಡ್ಡ ಹೆಂಗಸರಿಗೂ ಕೈ ಹಿಡಿದು ಎಬ್ಬಿಸಿ ಕೊಡಬಹುದು. ಇಲ್ಲೀವರೆಗೆ ಸೂಪರ್.

ಆಮೇಲೆ ಏನಾಗುತ್ತೆ? ಲಂಡನ್ನಿನ ಗ್ಯಾಂಗ್‌ಸ್ಟರ್ ಮಗಳು ರಾಕ್ಸಿ ಅಪ್ಪನ ದಂಧೆ ಹಿಡೀತಾಳೆ. ಸಾಕುಮನೇಲಿ ಹಿಂಸೆ ಉಂಡ ಆಲಿ ಅನ್ನೋ ಹುಡುಗಿ 'ಮದರ್ ಈವ್' ಅಂತ ಹೆಸರಿಟ್ಕೊಂಡು ಹೊಸ ಧರ್ಮವನ್ನೇ ಶುರು ಮಾಡ್ತಾಳೆ. ಅಮೆರಿಕದ ಮೇಯರ್ ಮಾರ್ಗಟ್ ಹುಡುಗೀರಿಗೆ ಟ್ರೇನಿಂಗ್ ಕ್ಯಾಂಪ್ ಮಾಡಿ ಅದನ್ನೇ ಸೈನ್ಯದ ಥರ ಮಾಡ್ತಾಳೆ. ಮಾಲ್ಡೋವಾದಲ್ಲಿ ಬೆಸ್ಸಪಾರ ಅಂತ ಹೆಂಗಸರದ್ದೇ ದೇಶ ಹುಟ್ಕೊಳ್ಳುತ್ತೆ, ಅಲ್ಲಿ ಗಂಡಸರು ಕಾರ್ ಓಡಿಸೋ ಹಾಗಿಲ್ಲ, ವ್ಯಾಪಾರ ಮಾಡೋ ಹಾಗಿಲ್ಲ, ಪಾಸ್‌ಪೋರ್ಟಲ್ಲಿ ಗಾರ್ಡಿಯನ್ ಹೆಂಗಸಿನ ಹೆಸರು ಬೇಕು. ಓದ್ತಾ ಓದ್ತಾ ನಂಗೆ ಅನ್ಸಿದ್ದು ಇಷ್ಟೇ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನೋದನ್ನ ಮುನ್ನೂರು ಚಿಲ್ರೆ ಪುಟ ಎಳೆದಿದಾರೆ. ಇಲ್ಲಿ ಗಂಡಸರು ಏನೇನು ಮಾಡಿದ್ರೋ ಅದನ್ನೇ ಅಲ್ಲಿ ಹೆಂಗಸರು ಮಾಡ್ತಾರೆ, ಒಂದು ಅಕ್ಷರ ಆಚೀಚೆ ಇಲ್ಲ.

ಆದ್ರೆ ನನ್ನ ನಿಜವಾದ ತಕರಾರು ಬೇರೆ. ಅಧಿಕಾರ ಅಂದ್ರೆ ಹೊಡೆಯೋ ತಾಕತ್ತು, ಅಷ್ಟೇ ಅಂತ ಈ ಪುಸ್ತಕ ನಂಬಿಕೊಂಡಿದೆ. ಹಾಗಿದ್ರೆ ನಮ್ಮ ತೋಟದಲ್ಲಿ ಕಾಯಿ ಕೆಡವೋಕೆ ಬರ್ತಿದ್ದ ಆಳು ನಮ್ಮ ತಾತನ್ನ ಒಂದೇ ಕೈಯಲ್ಲಿ ಎತ್ತಿ ಬಿಸಾಕಬಹುದಿತ್ತು, ಆದ್ರೂ ಎತ್ತಿ ಕಟ್ಟಿದ ಪಂಚೆ ಇಳಿಸಿ ದೂರ ನಿಲ್ತಿದ್ದಿದ್ದು ಯಾರು? ಇನ್ನೂ ಒಂದು. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಮಕ್ಕಳಿಗೆ ಪಿತ್ರಾರ್ಜಿತ ಆಸ್ತೀಲಿ ಹುಟ್ಟಿನಿಂದ ಪಾಲು ಬಂತು, 2005ರಲ್ಲಿ ದೇಶಕ್ಕೆಲ್ಲ ಬಂತು. ನಮ್ಮ ಮನೇಲಿ ಏನಾಯ್ತು ಗೊತ್ತಾ, ಚಿಕ್ಕಪ್ಪ ಕಾರ್ ಮಾಡಿ ಅತ್ತೆಯಂದಿರನ್ನೆಲ್ಲ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋದ್ರು, ಅಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿಸಿದ್ರು, ಬರೋವಾಗ ಹೋಟ್ಲಲ್ಲಿ ಮಸಾಲೆ ದೋಸೆ, ತಲೆಗೊಂದು ಸೀರೆ. ಒಬ್ರೂ ಒಬ್ರ ಮೇಲೆ ಕೈ ಎತ್ತಿಲ್ಲ. ಅತ್ತೆಯಂದಿರ ಕೈಯಲ್ಲಿ ಕರೆಂಟ್ ಇದ್ದಿದ್ರೂ ಅವತ್ತು ಸೈನ್ ಹಾಕ್ತಿದ್ರು ಅಂತ ನಂಗೆ ಗ್ಯಾರಂಟಿ, ಯಾಕಂದ್ರೆ ಹಾಕ್ದೇ ಇದ್ರೆ ಗೌರಿ ಹಬ್ಬಕ್ಕೆ ತವರಿಂದ ಬಾಗಿನ ಬರಲ್ಲ. ಇದು ಹೇಗೆ ನಡಿಯುತ್ತೆ ಅನ್ನೋದು ಕಾದಂಬರೀಲಿ ಎಲ್ಲೂ ಇಲ್ಲ.

ನನ್ನ ಪ್ರಶ್ನೆ ಎರಡು. ನಾನು ಏನಾದ್ರೂ ಮಿಸ್ ಮಾಡ್ಕೊಂಡಿದೀನಾ? ಮತ್ತೆ ಇದೇ ವಿಷಯನ ಸರಿಯಾಗಿ ಮಾಡಿರೋ ಪುಸ್ತಕ ಯಾವ್ದಾದ್ರೂ ಇದ್ರೆ ಹೇಳಿ.

---

ಧಾರವಾಡ_ಪೇಡಾ

ಅಕ್ಕಾರ, ಅರ್ಧ ಒಪ್ತೀನಿ, ಇನ್ನರ್ಧ ಇಲ್ರಿ.

ನೀವು ಗ್ಯಾಂಗ್‌ಸ್ಟರು, ಸೈನ್ಯ, ಬೆಸ್ಸಪಾರ ಅಂತ ದೊಡ್ಡ ದೊಡ್ಡದನ್ನಷ್ಟ ಹಿಡಕೊಂಡ್ರಿ, ಸಣ್ಣ ಸಣ್ಣದನ್ನ ಬಿಟ್ರಿ. ನಡನಡಕ ಟೀವಿ ಸುದ್ದಿ ಓದೋ ಜೋಡಿ ಬರ್ತದ ನೋಡ್ರಿ, ಟಾಮ್ ಮತ್ತ ಕ್ರಿಸ್ಟಿನ್. ಮೊದಲ ಟಾಮ್ ಹಿರಿಯ, ಗಂಭೀರ ಸುದ್ದಿ ಎಲ್ಲಾ ಅವಂದ, ಆಕಿ ಬಾಜೂಕ ನಕ್ಕೋತ ಕೂಡೋಕಿ, ಹಗೂರ ಸುದ್ದಿ ಆಕೀದು. ಬರಬರತ ಏನ್ ಆಗ್ತದ, ಕ್ರಿಸ್ಟಿನ್ ಚಷ್ಮಾ ಹಾಕ್ಕೊಂಡು ಕೂಡ್ತಾಳ, ತೂಕ ಬರ್ಲಿ ಅಂತ. ಟಾಮ್‌ಗ ಕ್ಯಾಮೆರಾ ಮುಂದನ ತಲಿ ಕೆಟ್ಟು ಏನೇನೋ ಒದರಿ ಕೆಲಸ ಕಳಕೋತಾನ. ಅವನ ಜಾಗಾಕ್ಕ ಮ್ಯಾಟ್ ಅಂತ ಎಳೇ ಹುಡುಗ, ನೋಡ್ಲಿಕ್ಕೆ ಚಂದ, ಆಕಿ ಹೇಳಿದ್ದಕ್ಕ ಹಲ್ಲು ಕಿಸಿಯೋದ ಅವನ ಕೆಲಸ. ಇಲ್ಲಿ ಯಾರರ ಯಾರಿಗರ ಕರೆಂಟ್ ಹೊಡದಾರೇನ್ರಿ? ಇಲ್ಲ. ಕುರ್ಚಿ ಬದಲಾತು, ಅಷ್ಟ. ನೀವು ಕೇಳಾಕತ್ತಿದ್ದು ಅದನ್ನ ಅಲ್ಲಾ? ಅದು ಪುಸ್ತಕದಾಗ ಐತಿ, ನೀವು ಬೆಸ್ಸಪಾರದ ಗದ್ದಲದಾಗ ನೋಡಿಲ್ಲ.

ಇನ್ನ ಮಾರ್ಗಟ್ ಡಿಬೇಟ್. ಗವರ್ನರ್ ಎಲೆಕ್ಷನ್‌ದಾಗ ಎದುರಾಳಿ ಮಗಳ ಸುದ್ದಿ ತಗದಾಗ ಆಕಿಗೆ ಸಿಟ್ಟು ತಡಿಯಂಗಿಲ್ಲ, ಎಲ್ಲಾರ ಮುಂದ ಅವನಿಗೆ ಶಾಕ್ ಕೊಡ್ತಾಳ. ಇನ್ನ ಸೋತಂಗ ಅಂತ ಎಲ್ಲಾರೂ ಅಂದ್ಕೋತಾರ, ಕೇಳಿದ್ರ ಮತದಾರರೂ ಛೀ ಥೂ ಅಂತನ ಅಂತಾರ. ಓಟ್ ಎಣಿಸಿದ್ರ ಗೆದ್ದಾಳ. ಜನಾ ಬಾಯಾಗ ಒಂದು, ಮತಪೆಟ್ಟಿಗ್ಯಾಗ ಒಂದು. ಇಂಥಾದ್ದನ್ನ ಬರಿಯೋಕಿಗೆ ಅಧಿಕಾರ ಅಂದ್ರ ಏನಂತ ಗೊತ್ತಿಲ್ಲ ಅಂದ್ರ ನಾ ಒಪ್ಪಂಗಿಲ್ಲ ನೋಡ್ರಿ.

ಮತ್ತ ಪುಸ್ತಕಕ್ಕ ಒಂದು ಹೊರಗಿನ ಚೌಕಟ್ಟು ಐತಿ, ಅದರ ಮಾತ ನೀವು ಎತ್ತಿಲ್ಲ. ಇಡೀ ಕಥಿ 5000 ವರ್ಷದ ಮ್ಯಾಲ ನೀಲ್ ಆಡಮ್ ಆರ್ಮನ್ ಅನ್ನೋ ಗಂಡು ಲೇಖಕ ಬರದ 'ಐತಿಹಾಸಿಕ ಕಾದಂಬರಿ'. ಆ ಹೆಸರಿನ ಅಕ್ಷರ ಕಲಿಸಿ ಜೋಡಿಸಿದ್ರ ನಯೋಮಿ ಆಲ್ಡರ್‌ಮನ್ ಅಂತನ ಬರ್ತದ. ಅಂವ ಪುರುಷ ಬರಹಗಾರರ ಸಂಘದ ವಿಳಾಸದಿಂದ ನಯೋಮಿ ಅನ್ನೋ ದೊಡ್ಡ ಲೇಖಕಿಗೆ ಅಂಜಿಕೋತ ಪತ್ರ ಬರೀತಾನ, ಆಕಿ 'ಗಂಡಸರು ಆಳೋ ಜಗತ್ತು, ಏನ್ ಮಜಾ ಕಲ್ಪನಾ' ಅನ್ನೋ ಧಾಟಿಯೊಳಗ ಉತ್ತರ ಕೊಡ್ತಾಳ, ಕಡೀಕ ನಿನ್ನ ಹೆಸರು ಬ್ಯಾಡ, ಹೆಂಗಸಿನ ಹೆಸರಲ್ಲಿ ಪ್ರಕಟಿಸಿದ್ರ ಹೆಂಗ ಅಂತ ಕೇಳ್ತಾಳ. ನಾ ಓದಿ ಜೋರಾಗಿ ನಕ್ಕೆ. ನಡುವ ಚಿತ್ರಾನೂ ಅದಾವು, ನಮ್ಮ ಮೊಹೆಂಜೊದಾರೊದ ಎರಡು ಗೊಂಬಿ. ದಿಲ್ಲಿ ನ್ಯಾಷನಲ್ ಮ್ಯೂಸಿಯಂದಾಗ ಇರೋ ಆ ಗೇಣುದ್ದಾನೂ ಇಲ್ಲದ ಕಂಚಿನ ನರ್ತಕಿ ಈ ಪುಸ್ತಕದಾಗ 'ಸೇವಕ ಹುಡುಗ', ಆ ಗಡ್ಡದ ಅರ್ಚಕ ರಾಜ ಇಲ್ಲಿ 'ಅರ್ಚಕ ರಾಣಿ'. ಸೊಂಟದ ಮ್ಯಾಲ ಕೈ ಇಟ್ಟು ನಿಂತಾಕಿ ಕುಣಿಯೋಕಿನ ಅಂತ ಮೊದಲ ಅಂದವರಿಗೆ ಯಾರು ಹೇಳಿದ್ರು? ಬರೇ ಈ ಒಂದು ಪುಟಕ್ಕನ ನನ್ನ ರೊಕ್ಕ ವಸೂಲ್.

---

ನಿದ್ದೆಗೆಟ್ಟವನು

ಪೇಡಾ ಅವರು ಹೇಳಿದ ಟೀವಿ ಸೀನ್‌ಗಳು ನಂಗೂ ಇಷ್ಟ, ಆದ್ರೆ ಎಲ್ಲ ಸೇರಿಸಿದ್ರೆ ಹತ್ತು ಪುಟ ಇರಬಹುದಾ? ಅದೇ ಪ್ರಾಬ್ಲಂ. ಪುಸ್ತಕದಲ್ಲಿ ಚೆನ್ನಾಗಿರೋದೆಲ್ಲ ಸೈಡಲ್ಲಿದೆ, ಮೇನ್ ರೋಡಲ್ಲಿ ಬರೀ ಆಕ್ಷನ್. ಡ್ರಗ್ ಫ್ಯಾಕ್ಟರಿ, ಸ್ಕೀನ್ ಕಿತ್ತು ಇನ್ನೊಬ್ಬರಿಗೆ ಹಾಕೋ ಆಪರೇಷನ್ (ರಾಕ್ಸಿ ಅಣ್ಣನೇ ಅವಳದ್ದನ್ನ ಕಿತ್ಕೋತಾನೆ), ಕಾಡಲ್ಲಿ ಓಡಾಟ, ಮಧ್ಯದ ಭಾಗವಂತೂ ವೆಬ್ ಸೀರೀಸ್‌ಗೆ ಅಂತಲೇ ಬರೆದ ಹಾಗಿದೆ.

ಚಿತ್ರಾ ಅವರ ತಕರಾರಿಗೆ ಪುಸ್ತಕದಲ್ಲೇ ಒಂದು ಉತ್ತರ ಇದೆ, ಆದ್ರೆ ಆ ಉತ್ತರಾನೇ ಪುಸ್ತಕನ ಕೆಡಿಸುತ್ತೆ ಅನ್ನೋದು ನನ್ನ ವಾದ. ಕೊನೇಲಿ ಆಲಿ ಏನು ಮಾಡ್ತಾಳೆ ನೆನಪಿಸ್ಕೊಳ್ಳಿ. ಈಗಿರೋ ಜಗತ್ತಲ್ಲಿ ಹೆಂಗಸರು ಪೂರ್ತಿ ಗೆಲ್ಲೋದು ಕಷ್ಟ, ಬಾಂಬು ಬಂದೂಕು ದುಡ್ಡು ಎಲ್ಲ ಗಂಡಸರ ಹತ್ರ ಇದೆ. ಹಾಗಾಗಿ ಎಲ್ಲಾನೂ ಸುಟ್ಟು ಶಿಲಾಯುಗಕ್ಕೆ ತಗೊಂಡು ಹೋಗೋಣ, ಕಲ್ಲು ಮಣ್ಣು ಬಿಟ್ಟು ಏನೂ ಉಳೀದಿದ್ರೆ ಮೈಯಲ್ಲಿ ಶಕ್ತಿ ಇರೋರೇ ಗೆಲ್ತಾರೆ, ಐದು ಸಾವಿರ ವರ್ಷ ಆದ್ಮೇಲೆ ಹಿಂಗೇ ಇತ್ತು ಅಂತ ಎಲ್ರೂ ನಂಬ್ತಾರೆ ಅನ್ನೋದು ಲೆಕ್ಕ. ಅದಕ್ಕೇ ಅಧ್ಯಾಯಗಳ ಮೇಲೆ 'ಇನ್ನು ಹತ್ತು ವರ್ಷ', 'ಇನ್ನು ಒಂಬತ್ತು ವರ್ಷ' ಅಂತ ಕೌಂಟ್‌ಡೌನ್.

ಅಂದ್ರೆ ನೋಡಿ, ಕೋರ್ಟು, ಬ್ಯಾಂಕು, ಆಸ್ತಿ ಪತ್ರ, ಮದುವೆ, ಸಂಬಳ ಇವೆಲ್ಲ ಇದ್ದ ಜಗತ್ತಲ್ಲಿ ಕರೆಂಟ್ ಹೊಡೆಯೋ ಶಕ್ತಿ ಒಂದ್ರಿಂದಲೇ ಕಥೆ ಮುಂದಕ್ಕೆ ಹೋಗಲ್ಲ ಅಂತ ಲೇಖಕಿಗೇ ಗೊತ್ತು! ತನ್ನ ಮಾತು ನಿಜ ಆಗ್ಬೇಕು ಅಂದ್ರೆ ಮೊದಲು ಜಗತ್ತನ್ನೇ ಉಡಾಯಿಸ್ಬೇಕು. ನಾನು ಕೋಡ್ ಬರೆಯೋನು, ಟೆಸ್ಟ್ ಪಾಸ್ ಆಗ್ಲಿಲ್ಲ ಅಂತ ಟೆಸ್ಟನ್ನೇ ಡಿಲೀಟ್ ಮಾಡೋ ಕೇಸ್ ಇದು.

ನಂಗೆ ಓದ್ಬೇಕು ಅಂತ ಆಸೆ ಇದ್ದ ಕಾದಂಬರಿ ಇನ್ನೊಂದಿತ್ತು, ಜಗತ್ತು ಹಂಗೇ ಉಳಿಯುತ್ತೆ, ಇಎಂಐ ಕಟ್ಬೇಕು, ಮಗೂನ ಸ್ಕೂಲಿಗೆ ಬಿಡ್ಬೇಕು, ಆದ್ರೆ ಹೆಂಡ್ತಿ ಕೈಯಲ್ಲಿ ಕರೆಂಟ್ ಇದೆ. ಆ ಮನೇಲಿ ರಾತ್ರಿ ಊಟ ಆದ್ಮೇಲೆ ಪಾತ್ರೆ ಯಾರು ತೊಳೀತಾರೆ? ಆಫೀಸಲ್ಲಿ ಅಪ್ರೈಸಲ್ ಹೇಗೆ ನಡಿಯುತ್ತೆ? ಹೆರಿಗೆ ರಜೆ ಕೇಳೋಕೆ ಇನ್ನೂ ಹೆದರ್ತಾರಾ? ಇಷ್ಟು ದೊಡ್ಡ ಐಡಿಯಾ ಇಟ್ಕೊಂಡು ಇದ್ಯಾವ್ದನ್ನೂ ಅವರು ಮುಟ್ಟೋದೇ ಇಲ್ಲ. ನಾಲ್ಕು ಪಾತ್ರದಲ್ಲಿ ಒಬ್ರದ್ದಾದ್ರೂ ಮಾಮೂಲಿ ಕೆಲಸ ಇದೆಯಾ ಹೇಳಿ, ಒಬ್ಬಳು ಪ್ರವಾದಿ, ಒಬ್ಬಳು ಡಾನ್, ಒಬ್ಬಳು ರಾಜಕಾರಣಿ, ಇನ್ನೊಬ್ಬ ದೇಶ ಸುತ್ತೋ ಪತ್ರಕರ್ತ.

---

ಚಿತ್ರಾ_ಓದು

@ನಿದ್ದೆಗೆಟ್ಟವನು ಟೆಸ್ಟ್ ಡಿಲೀಟ್! ಇದೇ, ಇದೇ ನಂಗೆ ಹೇಳೋಕೆ ಬರ್ತಾ ಇರ್ಲಿಲ್ಲ. ಕೊನೆ ಪ್ರಳಯ ಯಾಕೆ ಅಷ್ಟು ಅವಸರದಲ್ಲಿ ಬಂತು ಅಂತ ಕಿರಿಕಿರಿ ಆಗ್ತಿತ್ತು, ಕಾರಣ ಈಗ ಸಿಕ್ತು.

@ಧಾರವಾಡ_ಪೇಡಾ ಚೌಕಟ್ಟಿನ ಪತ್ರಗಳನ್ನ ಓದಿದೀನಿ ಸರ್, ಮಜಾ ಇದೆ, ಒಪ್ತೀನಿ. ಆದ್ರೆ ಅದು ಜೋಕ್, ಒಂದೇ ಜೋಕ್. 'ಪುರುಷ ಬರಹಗಾರರ ಸಂಘ' ಅಂದ ತಕ್ಷಣ ನಗು ಬರುತ್ತೆ, ಆಮೇಲೆ? ಐದು ಸಾವಿರ ವರ್ಷ ಹೆಂಗಸರು ಆಳಿದ ಮೇಲೂ ಅಲ್ಲಿ ಸಾಹಿತ್ಯ ಲೋಕ, ಪ್ರಕಾಶಕರು, ಸೀನಿಯರ್ ಜೂನಿಯರ್, ಮುನ್ನುಡಿಗೆ ಅಂಗಲಾಚೋದು ಎಲ್ಲ ಈಗಿನ ಲಂಡನ್ ಥರಾನೇ ಇದೆ, ಹೆಸರು ಮಾತ್ರ ತಿರುಗಿಸಿದಾರೆ. ಮಕ್ಕಳನ್ನ ಯಾರು ಸಾಕ್ತಾರೆ, ಮನೆತನದ ಹೆಸರು ಯಾರ ಕಡೆಯಿಂದ ಬರುತ್ತೆ, ಒಂದೂ ಗೊತ್ತಾಗಲ್ಲ. ಐದು ಸಾವಿರ ವರ್ಷ ರೀ! ವಿಡಂಬನೆಗೆ ಇಷ್ಟು ಸಾಕು ಅಂತೀರಾ ನೀವು, ನಾನು ಕಾದಂಬರಿ ದುಡ್ಡು ಕೊಟ್ಟಿದೀನಿ.

ಟೀವಿ ಜೋಡಿ ವಿಷಯ ಮಾತ್ರ ನೀವು ಹೇಳಿದ್ದು ನೂರಕ್ಕೆ ನೂರು ಸರಿ.

---

ಪುಟ್ಟಕ್ಕ

ನಂಗೆ ಆ ಕಾಡಿನ ಭಾಗ ಓದೋಕೇ ಆಗ್ಲಿಲ್ಲ. ನಿರಾಶ್ರಿತರ ಕ್ಯಾಂಪಿಗೆ ನುಗ್ಗಿದ ಹೆಂಗಸರ ಸೈನ್ಯ ಗಂಡಸರ ಮೇಲೆ ಮಾಡೋ ಅತ್ಯಾಚಾರ, ಆ ಪತ್ರಕರ್ತ ಟುಂಡೆ ಮರೇಲಿ ನಿಂತು ನೋಡ್ತಾನಲ್ಲ. ಲೇಖಕಿ ಉದ್ದೇಶ ಗೊತ್ತಾಗುತ್ತೆ, ಇದನ್ನೇ ಹೆಂಗಸರಿಗೆ ಮಾಡಿದಾಗ ಪೇಪರಲ್ಲಿ ಓದಿ ಪುಟ ತಿರುಗಿಸ್ತೀರಲ್ಲ ಅಂತ. ಆದ್ರೂ ಅದಕ್ಕೂ ಮುಂಚೆ ಬರೋ ಒಂದು ಸಣ್ಣ ಸೀನ್ ನನ್ನನ್ನ ಜಾಸ್ತಿ ಕಾಡ್ತು. ಬೆಸ್ಸಪಾರದ ಅಧ್ಯಕ್ಷೆ ಟಟಿಯಾನಾ ಪಾರ್ಟೀಲಿ ಒಬ್ಬ ಸಪ್ಲೈ ಮಾಡೋ ಹುಡುಗ ಕರೀದೆ ಬಾಯಿ ಹಾಕ್ದ ಅಂತ ನೆಲಕ್ಕೆ ಬಿದ್ದ ಬ್ರಾಂದಿ ನೆಕ್ಕಿಸ್ತಾಳೆ, ಒಡೆದ ಗ್ಲಾಸಿನ ಚೂರಿನ ಮಧ್ಯೆ. ಸುತ್ತ ಇರೋರು ಸುಮ್ನೆ ನಿಂತ್ಕೊಂಡು ನೋಡ್ತಾರೆ. ಅದು ಸಾಕಿತ್ತು.

ಸೀರೀಸ್ ನೋಡೋಣ ಅನ್ನೋರಿಗೆ: 2023ರಲ್ಲಿ ಅಮೆಜಾನ್ ಪ್ರೈಮಲ್ಲಿ ಬಂದಿದೆ, ಟೋನಿ ಕೊಲೆಟ್ ಮಾರ್ಗಟ್ ಆಗಿ, ಟುಂಡೆ ಪಾತ್ರಕ್ಕೆ ಟೊಹೀಬ್ ಜಿಮೋ. ಪುಸ್ತಕದ ಪೂರ್ತಿ ಕಥೆ ಅದರಲ್ಲಿಲ್ಲ. ಮಾರ್ಗಟ್ ಮನೆಯ ಜಗಳ, ಗಂಡ ಹೆಂಡತಿ ಮಧ್ಯೆ ಯಾರ ಕೆಲಸ ದೊಡ್ಡದು ಅನ್ನೋ ಕಿತ್ತಾಟ ಎಲ್ಲ ಪುಸ್ತಕಕ್ಕಿಂತ ಜಾಸ್ತಿ ಇದೆ, ನಿದ್ದೆಗೆಟ್ಟವರೇ ನಿಮ್ಮ ಪಾತ್ರೆ ತೊಳೆಯೋ ಪ್ರಶ್ನೆಗೆ ಅಲ್ಲಿ ಸ್ವಲ್ಪ ಹತ್ರ ಬಂದಿದಾರೆ.

---

ಕಡಲತಡಿ

ಚಿತ್ರಾ ಅವರ ಎರಡನೇ ಪ್ರಶ್ನೆಗೆ ಬರ್ತೇನೆ.

ರುಕಯ್ಯಾ ಸಖಾವತ್ ಹುಸೇನ್ ಅವರ 'ಸುಲ್ತಾನಾಸ್ ಡ್ರೀಮ್' ಓದಿ. 1905ರಲ್ಲಿ ಮದ್ರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಜೀನ್'ನಲ್ಲಿ ಬಂದದ್ದು, ಬಂಗಾಳದ ಮುಸ್ಲಿಂ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಬರೆದದ್ದು, ಒಂದು ಕೂತಲ್ಲಿ ಮುಗೀತದೆ. ಅದರಲ್ಲಿ ಲೇಡಿಲ್ಯಾಂಡ್ ಅಂತ ದೇಶ, ಅಲ್ಲಿ ಗಂಡಸರು ಅಂತಃಪುರದಲ್ಲಿ ಕೂತು ಅಡಿಗೆ ಮಾಡುವುದು, ಮಕ್ಕಳನ್ನು ನೋಡುವುದು. ಆದರೆ ಅಲ್ಲಿಗೆ ಹೇಗೆ ತಲುಪಿದರು ಅನ್ನುವುದು ಗಮನಿಸಿ. ಯಾರ ಮೈಯಲ್ಲೂ ಯಾವ ಹೊಸ ಶಕ್ತಿಯೂ ಇಲ್ಲ. ರಾಣಿ ಹೆಣ್ಣುಮಕ್ಕಳಿಗೆ ಶಾಲೆ, ಯೂನಿವರ್ಸಿಟಿ ಮಾಡ್ತಾಳೆ. ಒಂದು ಯೂನಿವರ್ಸಿಟಿಯವರು ಮೋಡದಿಂದ ನೀರು ಎಳೆಯುವುದು ಕಂಡುಹಿಡೀತಾರೆ, ಇನ್ನೊಂದರವರು ಬಿಸಿಲಿನ ಶಾಖ ಹಿಡಿದಿಡುವುದನ್ನು. ಆಗ ಗಂಡಸರು ಸೈನ್ಯ ಕಟ್ಟುವುದರಲ್ಲಿ ಬ್ಯುಸಿ, ಇದೆಲ್ಲ ಹೆಂಗಸರ ಭ್ರಾಂತು ಅಂತ ತಮಾಷೆ ಮಾಡ್ತಾರೆ. ಯುದ್ಧ ಬಂದು ಅವರು ಸೋತು ಸುಣ್ಣ ಆದಾಗ ಪ್ರಾಂಶುಪಾಲೆ ಒಂದು ಷರತ್ತು ಇಡ್ತಾಳೆ, ನಾವು ಹೊರಗೆ ಬರಬೇಕಾದರೆ ಮರ್ಯಾದೆ ಪ್ರಶ್ನೆ ಅಲ್ವಾ, ಹಾಗಾಗಿ ನೀವೆಲ್ಲ ಒಳಗೆ ಹೋಗಿ. ಅವರು ಸುಸ್ತಾಗಿ, ಗಾಯ ಆಗಿ, ತಾವಾಗಿಯೇ ಒಳಗೆ ಹೋಗ್ತಾರೆ! ಅವಳು ಎರಡು ಸಾವಿರ ವಿದ್ಯಾರ್ಥಿನಿಯರ ಜೊತೆ ಹೋಗಿ ಬಿಸಿಲನ್ನೇ ಶತ್ರುಗಳ ಮೇಲೆ ಬಿಟ್ಟು ಓಡಿಸ್ತಾಳೆ. ಆಮೇಲೆ ಒಳಗೆ ಹೋದವರಿಗೆ ಹೊರಗೆ ಬರಲಿಕ್ಕೆ ಅನುಮತಿ ಸಿಗುವುದೇ ಇಲ್ಲ, ಕ್ರಮೇಣ ಅಭ್ಯಾಸ ಆಗಿಬಿಡ್ತದೆ. ಪರದೆಯ ನಿಯಮವನ್ನೇ ಹಿಡಿದು ಪರದೆಯನ್ನು ತಿರುಗಿಸಿದ್ದು. ಚಿತ್ರಾ ಅವರು ಹೇಳಿದ ಸಬ್‌ರಿಜಿಸ್ಟ್ರಾರ್ ಆಫೀಸಿನ ಕೆಲಸ ಇದೇ ರೀತಿಯದ್ದು, ಹೊಡೆತ ಇಲ್ಲ, ಮರ್ಯಾದೆ ಮತ್ತು ರೂಢಿ. ನೂರು ವರ್ಷಕ್ಕೂ ಹಿಂದೆ ಇಷ್ಟು ಸ್ಪಷ್ಟ ಇತ್ತು ಅವರಿಗೆ.

ಎರಡನೆಯದು ನಮ್ಮದೇ. ಲಕ್ಷ್ಮೀಶನ ಜೈಮಿನಿ ಭಾರತದ ಪ್ರಮೀಳೆ. ಅಶ್ವಮೇಧದ ಕುದುರೆ ಸ್ತ್ರೀರಾಜ್ಯಕ್ಕೆ ಹೋಗ್ತದೆ, ಪ್ರಮೀಳೆ ಕಟ್ಟಿಹಾಕ್ತಾಳೆ, ಅರ್ಜುನ ಬಿಡಿಸಲಿಕ್ಕೆ ಬರ್ತಾನೆ. ಅವನ ಕೈಯಲ್ಲಿ ಗೆಲ್ಲಲಿಕ್ಕೆ ಆಗುವುದಿಲ್ಲ, ಅವಳ ಷರತ್ತೇ ಮದುವೆ. ನಮ್ಮಲ್ಲಿ ಯಕ್ಷಗಾನ, ತಾಳಮದ್ದಳೆಯಲ್ಲಿ 'ಪ್ರಮೀಳಾರ್ಜುನ' ಅಂತಲೇ ಪ್ರಸಂಗ ಉಂಟು. ಒಳ್ಳೆ ಅರ್ಥಧಾರಿಗಳು ಸಿಕ್ಕಿದ ದಿನ ಪ್ರಮೀಳೆ ಅರ್ಜುನನಿಗೆ ಕೇಳುವ ಪ್ರಶ್ನೆ ಕೇಳಬೇಕು ನೀವು, ಸುಭದ್ರೆಯನ್ನು ಎತ್ತಿಕೊಂಡು ಹೋದವನು ನೀನು, ಹೆಣ್ಣು ಹಠ ಹಿಡಿದರೆ ಅದು ಅಧರ್ಮ ಹೇಗೆ ಆಗ್ತದೆ ಅಂತ. ಇದನ್ನು ಕೇಳುವ ಪ್ರಮೀಳೆ ಹೆಚ್ಚಾಗಿ ಒಬ್ಬ ಗಂಡಸು, ಅದು ಬೇರೆ ಮಾತು. ಕಥೆ ಮದುವೆಯಲ್ಲಿ ಮುಗೀತದೆ, ರಾಜ್ಯ ಬಿಟ್ಟು ಹೊರಡುವುದು ಅವಳೇ, ಆ ನಿರಾಸೆ ಇದ್ದೇ ಇದೆ. ಆದರೂ ನಡುವಿನ ಆ ವಾದ ಉಂಟಲ್ಲ, ಅಂಥದ್ದೊಂದು ನಾಲ್ಕು ಪುಟ 'ದಿ ಪವರ್'ನಲ್ಲಿ ಎಲ್ಲಾದರೂ ಇದ್ದಿದ್ದರೆ! ಅಲ್ಲಿ ಯಾರೂ ಯಾರ ಜೊತೆಗೂ ವಾದ ಮಾಡುವುದಿಲ್ಲ, ಶಾಕ್ ಕೊಟ್ಟು ಮುಗಿಸ್ತಾರೆ.

---

ನಿದ್ದೆಗೆಟ್ಟವನು

ಅರ್ಸುಲಾ ಲೆಗ್ವಿನ್ ಹೆಸರು ಇನ್ನೂ ಯಾಕೆ ಬಂದಿಲ್ಲ ಇಲ್ಲಿ? 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್', 1969. ಗೆಥೆನ್ ಅಂತ ಹಿಮದ ಗ್ರಹ, ಅಲ್ಲಿನ ಜನಕ್ಕೆ ಖಾಯಂ ಗಂಡು ಹೆಣ್ಣು ಅಂತ ಇಲ್ಲ, ತಿಂಗಳಲ್ಲಿ ಕೆಲವು ದಿನ ಮಾತ್ರ ಯಾವ್ದಾದ್ರೂ ಒಂದು ಆಗ್ತಾರೆ, ಯಾವ್ದು ಅಂತ ಮೊದಲೇ ಹೇಳೋಕಾಗಲ್ಲ. ರಾಜನೇ ಬಸುರಿ ಆಗ್ತಾನೆ. ಯಾರು ಬೇಕಾದ್ರೂ ಹೆರಬಹುದು ಅಂದ್ಮೇಲೆ ಯಾರನ್ನೂ ಮನೇಲಿ ಕೂರಿಸೋಕೆ ಆಗಲ್ಲ, ಆ ದಿನಗಳಲ್ಲಿ ಎಲ್ರಿಗೂ ರಜೆ. ಕೆಲಸ, ರಜೆ, ಬಸುರು, ಹೊಣೆ, ಎಲ್ಲದಕ್ಕೂ ಆಕೆ ಲೆಕ್ಕ ಇಟ್ಟಿದಾರೆ. ಹಾಗಂತ ಅಲ್ಲೂ ರಾಜಕೀಯ ಇಲ್ಲ ಅಂತಲ್ಲ, ಪಿತೂರಿ, ಗಡೀಪಾರು, ಲೇಬರ್ ಕ್ಯಾಂಪ್ ಎಲ್ಲ ಇದೆ. ಮೊದಲರ್ಧ ಸ್ವಲ್ಪ ನಿಧಾನ, ತಾಳ್ಮೆ ಬೇಕು, ಹಿಮದ ಮೇಲಿನ ಪ್ರಯಾಣ ಶುರು ಆದ್ಮೇಲೆ ಬಿಡೋಕಾಗಲ್ಲ.

---

ಧಾರವಾಡ_ಪೇಡಾ

ಎಲ್ಲಾರೂ ಕೂಡಿ ಒಂದ ಪುಸ್ತಕಾನ ಹಿಂಗ ಬಡದ್ರ ಹೆಂಗ್ರಿ. ನಾ ಒಂದ ಮಾತು ಹೇಳ್ತೀನಿ, ಲೆಗ್ವಿನ್ ಓದಿದ ಗಂಡಸರು 'ಹೌದು ಹೌದು, ಚಿಂತನಶೀಲ' ಅಂತ ತಲಿ ಅಲ್ಲಾಡಿಸಿ ಮಲಕೋತಾರ. 'ದಿ ಪವರ್' ಓದಿದ ನಮ್ಮ ಗೆಳೆಯ ಒಬ್ಬ ರಾತ್ರಿ ಬಸ್ ಸ್ಟ್ಯಾಂಡಿನ್ಯಾಗ ಮೂರು ಮಂದಿ ಹುಡುಗ್ಯಾರು ಜೋರಾಗಿ ನಕ್ಕೋತ ಎದುರಿಗೆ ಬಂದ್ರ ರಸ್ತೆ ದಾಟಿ ಆ ಕಡೆ ಹೋಗ್ಬೇಕು ಅನ್ನಿಸ್ತು ಅಂದ. ಒಂದು ಕ್ಷಣ ಅಷ್ಟ. ಆದ್ರ ನಲವತ್ತು ವರ್ಷದಾಗ ಅವನಿಗೆ ಹಂಗ ಒಮ್ಮೆನೂ ಅನ್ನಿಸಿರಲಿಲ್ಲ. ಕಾದಂಬರಿ ಅಂದ ಮ್ಯಾಲ ಲೆಕ್ಕಪತ್ರ ಸರಿ ಇರಬೇಕು ಅಂತೀರಿ, ನನಗ ಅಂಜಿಕಿ ಮೈಯಾಗ ಹೊಕ್ಕರ ಸಾಕು.

ಸುಲ್ತಾನಾ ಮಾತ್ರ ಓದ್ತೀನಿ, ಸಣ್ಣದೈತಿ ಅಂದ್ರಲ್ಲ.

---

ಚಿತ್ರಾ_ಓದು

ಸರ್, ಅಂಜಿಕೆ ಹೊಕ್ಕಿದ್ದು ಒಳ್ಳೇದೇ, ಆದ್ರೆ ಅಂಜಿಕೆ ಹುಟ್ಟಿಸೋಕೆ ಮೊದಲ ನೂರು ಪುಟ ಸಾಕಿತ್ತು ಅನ್ನೋದೇ ನನ್ನ ಗೋಳು, ಉಳಿದಿದ್ದಕ್ಕೆ ಬೇರೆ ಏನಾದ್ರೂ ಬೇಕಿತ್ತು. ನಿಮ್ಮ ಗೆಳೆಯರು ಎಷ್ಟನೇ ಪುಟದವರೆಗೆ ಓದಿದ್ರು ಕೇಳಿ ನೋಡಿ, ಬೆಸ್ಸಪಾರದ ತನಕ ಹೋಗಿದ್ರಾ ಅಂತ.

ನಮ್ಮ ಓದುಗರ ಗುಂಪಿಗೆ ಮುಂದಿನ ಸಲಕ್ಕೆ ಸುಲ್ತಾನಾಸ್ ಡ್ರೀಮ್ ಹಾಕಿದೀನಿ, ಲೆಗ್ವಿನ್ ಅದರ ಮುಂದಿನದ್ದು. @ಕಡಲತಡಿ ಪ್ರಮೀಳಾರ್ಜುನ ತಾಳಮದ್ದಳೆ ಚೆನ್ನಾಗಿರೋ ರೆಕಾರ್ಡಿಂಗ್ ಯಾವ್ದಾದ್ರೂ ಇದ್ರೆ ಲಿಂಕ್ ಹಾಕ್ತೀರಾ? ಭಾಗವತಿಕೆಗಿಂತ ಮಾತು ಜಾಸ್ತಿ ಇರೋದು ಬೇಕು, ಗುಂಪಲ್ಲಿ ಕೂತು ಕೇಳೋಕೆ.